ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ನಮ್ಮ ಮಕ್ಕಳ ಬಾಯಲ್ಲಿ ಹುಟ್ಟಿದ್ದು. ಬೀದಿಯಲ್ಲಿ ಕಣ್ಣಾಮುಚ್ಚಾಲೆಯಾಡುವ ಹುಡುಗರು, ಬೆನ್ನುಹತ್ತಿ ಬಂದ ಎಳೆಯ ತಮ್ಮನನ್ನೋ ತಂಗಿಯನ್ನೋ ಮನೆಗೆ ಅಟ್ಟಲಾರದೆ ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಆ ಮಗುವೂ ಎಲ್ಲರಂತೆ ಓಡುತ್ತದೆ, ಅಡಗುತ್ತದೆ, ಬಿದ್ದು ಮಂಡಿ ತರಚಿಕೊಳ್ಳುತ್ತದೆ. ಆದರೆ ಅದು ಸಿಕ್ಕಿಬಿದ್ದರೆ ಸೋಲಲ್ಲ. ತಪ್ಪಿಸಿಕೊಂಡರೆ ಗೆಲವೂ ಅಲ್ಲ. ಗಾದೆಗಳ ಪಾಠ ಹೇಳುವಾಗ ಈ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿ, ಹುಡುಗರನ್ನು ನಗಿಸಿದ್ದೇನೆ. ಅದರ ಒಳಗಿನ ನೋವು ನನಗೆ ತಿಳಿದದ್ದು ಈಚೆಗೆ. ತಿಳಿಸಿದವಳು, ಲೆಕ್ಕವನ್ನೇ ವೃತ್ತಿಯಾಗಿ ಹಿಡಿದಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು.

ಕನ್ನಡದ ಅಧ್ಯಾಪಕನಿಗೂ ಲೆಕ್ಕ ಪರಿಶೋಧನೆಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಕಾಲೇಜುಗಳಲ್ಲಿ ಕನ್ನಡ ಹೇಳುವವರ ಅರ್ಧ ಆಯುಷ್ಯ ಬಿ.ಕಾಂ. ತರಗತಿಗಳಲ್ಲಿಯೇ ಸವೆಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ತರಗತಿಯ ಹುಡುಗಿಯರು ಮುಂದಿನ ಎರಡು ಬೆಂಚುಗಳಲ್ಲಿ ಅಡಕವಾಗಿ ಕುಳಿತಿರುತ್ತಿದ್ದರು. ಈಗ ಹುಡುಗರೇ ಹಿಂದಿನ ಬೆಂಚುಗಳಿಗೆ ಸರಿದಿದ್ದಾರೆ. ನಾನು ಹೇಳಹೊರಟ ವಿದ್ಯಾರ್ಥಿನಿ ಆ ಮುಂದಿನ ಬೆಂಚಿನವಳು. ಹಳಗನ್ನಡ ಪದ್ಯದ ಅನ್ವಯದಲ್ಲಿ ಒಂದು ವಿಭಕ್ತಿ ತಪ್ಪಿದರೂ ಆಕೆಗೆ ಸಮಾಧಾನವಿಲ್ಲ. ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ಹೊಂದದಿದ್ದರೂ ಹಾಗೆಯೇ ಇರುತ್ತಿದ್ದಳೆಂದು ವಾಣಿಜ್ಯ ವಿಭಾಗದ ಗೆಳೆಯರು ಹೇಳುತ್ತಿದ್ದರು. ಜಿಲ್ಲಾ ಪಟ್ಟಣದ ಹಿರಿಯ ಆಡಿಟರೊಬ್ಬರ ಕೈಕೆಳಗೆ ಮೂರು ವರ್ಷದ ಆರ್ಟಿಕಲ್‌ಶಿಪ್ ಮುಗಿಸಿ, ಸಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಮ್ಮ ಊರಿನ ಮುಖ್ಯ ಬೀದಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಂತಸ್ತಿನಲ್ಲಿ ತನ್ನ ಹೆಸರಿನ ಫಲಕ ಹಾಕಿದಳು. ಆ ಫಲಕದ ಕೆಳಗೆ ನಡೆದುಹೋಗುವಾಗಲೆಲ್ಲ ನನಗೆ ಅಧ್ಯಾಪಕನಿಗೆ ಸಹಜವಾದ ಹೆಮ್ಮೆಯೊಂದು ಉಂಟಾಗುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಆಕೆ ಮನೆಗೆ ಬಂದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕುವಂತಿದೆ, ಕಚೇರಿಯನ್ನು ಮುಚ್ಚಬೇಕೆಂದಿದ್ದೇನೆ ಎಂದಳು. ಏಕೆಂದು ಕೇಳಿದೆ. “ಕೆಲಸ ಗೊತ್ತಿದೆ ಸಾರ್, ಕೆಲಸ ಕೊಡುವವರು ಗೊತ್ತಿಲ್ಲ” ಎಂದಳು. ಜೊತೆಯಲ್ಲಿ ಓದಿದ ಹುಡುಗನೊಬ್ಬ ಎರಡು ಪ್ರಯತ್ನ ಹಿಂದೆ ಬಿದ್ದು ಆಮೇಲೆ ತೇರ್ಗಡೆಯಾದವನು. ಅವನ ಕಚೇರಿಯಲ್ಲಿ ಈಗ ನಾಲ್ವರು ಸಹಾಯಕರಿದ್ದಾರೆ. ಅವನ ಮೇಲೆ ಆಕೆಗೆ ಅಸೂಯೆಯಿಲ್ಲ. ಅವನು ಬೆಳಿಗ್ಗೆ ಬ್ಯಾಡ್ಮಿಂಟನ್ ಆಡುವ ಕ್ಲಬ್ಬಿನಲ್ಲಿ ಅಕ್ಕಿ ಗಿರಣಿಯ ಧಣಿಗಳಿದ್ದಾರೆ. ಸಂಜೆ ಅವನು ಕೂರುವ ಮಂಡಿಯಲ್ಲಿ ಅಡಕೆ ವರ್ತಕರಿದ್ದಾರೆ. ಅಲ್ಲಿ ಆಡಿದ ಮಾತು ಮರುದಿನ ಕಡತವಾಗಿ ಅವನ ಮೇಜಿನ ಮೇಲೆ ಬಂದು ಕೂರುತ್ತದೆ. “ನಾನು ಯಾವ ಮಂಡಿಯಲ್ಲಿ ಕೂರಲಿ, ಸಾರ್?” ಎಂದು ಆಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ನಾನು ಓದಿದ, ವಿಚಾರಿಸಿದ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಬಾಗಿಲು ತೆರೆದವರು

ಲೆಕ್ಕದ ವೃತ್ತಿಯ ಬಾಗಿಲು ಹೆಂಗಸರಿಗೆ ತಾನಾಗಿ ತೆರೆದುಕೊಂಡದ್ದಲ್ಲ. ಲಂಡನ್ನಿನಲ್ಲಿ ಸ್ವಂತ ಕಚೇರಿ ನಡೆಸುತ್ತಿದ್ದ ಮೇರಿ ಹ್ಯಾರಿಸ್ ಸ್ಮಿತ್ ಎಂಬಾಕೆ, 1891ರಲ್ಲಿ ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಸದಸ್ಯತ್ವ ಬೇಡಿ ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಲಿಂಗಭೇದದಿಂದಾದ ಅನರ್ಹತೆಯನ್ನು ತೆಗೆದುಹಾಕುವ ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟು 1919ರಲ್ಲಿ ಅಂಗೀಕರಿಸಿದ ಮೇಲೆ, 1920ರಲ್ಲಿ ಆಕೆಗೆ ಆ ಸದಸ್ಯತ್ವ ದೊರೆಯಿತು. ಆಗ ಆಕೆಗೆ ಎಪ್ಪತ್ತೈದು ವರ್ಷ. ಇತರರು ವೃತ್ತಿಯಿಂದ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುವ ಪ್ರಾಯದಲ್ಲಿ ಆಕೆ ವೃತ್ತಿಯ ಅಧಿಕೃತ ಪಟ್ಟಿಯಲ್ಲಿ ಮೊದಲ ಸಲ ತನ್ನ ಹೆಸರನ್ನು ಕಂಡಳು.

ನಮ್ಮ ದೇಶದಲ್ಲಿ ಈ ದಾರಿ ತುಳಿದ ಮೊದಲಿಗರು ಮದರಾಸಿನ ಆರ್. ಶಿವಭೋಗಂ. ಅವರು ಹುಟ್ಟಿದ್ದು 1907ರಲ್ಲಿ. ಓದಿದ್ದು ಕ್ವೀನ್ ಮೇರಿಸ್ ಕಾಲೇಜಿನಲ್ಲಿ. ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿ ವೆಲ್ಲೂರಿನ ಸೆರೆಮನೆಯಲ್ಲಿ ಒಂದು ವರ್ಷ ಕಳೆದರು. ಹೊರಗೆ ಬಂದು ಲೆಕ್ಕಪತ್ರದ ಓದನ್ನು ಹಿಡಿದು, ಅಂದಿನ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ ಪರೀಕ್ಷೆಯಲ್ಲಿ 1933ರಲ್ಲಿ ತೇರ್ಗಡೆಯಾದರು. ಸೆರೆವಾಸ ಅನುಭವಿಸಿದವರು ಈ ವೃತ್ತಿ ನಡೆಸಲಾಗದೆಂಬ ತೊಡಕು ಅಡ್ಡ ಬಂದಿತು. ಅದನ್ನು ನ್ಯಾಯಾಲಯದಲ್ಲಿ ಎದುರಿಸಿ, 1937ರಲ್ಲಿ ತಮ್ಮ ಕಚೇರಿಯನ್ನು ತೆರೆದರು. 1949ರಲ್ಲಿ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪಿತವಾದ ಬಳಿಕ ಅದರ ದಕ್ಷಿಣ ಭಾರತ ಪ್ರಾದೇಶಿಕ ಪರಿಷತ್ತಿಗೆ 1955ರಿಂದ 1958ರವರೆಗೆ ಅವರೇ ಅಧ್ಯಕ್ಷರು. ಅಂತಿಮ ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿ ತೇರ್ಗಡೆಯಾಗುವ ಮಹಿಳೆಗೆ ಸಲ್ಲುವಂತೆ ಅವರು ಬಹುಮಾನ ನಿಧಿಯೊಂದನ್ನೂ ಇಟ್ಟರು. ತಾನು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಒಂದು ಸಂಕ ಹಾಕಿಟ್ಟು ಹೋದಂತಾಯಿತು.

ಶಿವಭೋಗಂ ಪರೀಕ್ಷೆಯಲ್ಲಿ ತೇರ್ಗಡೆಯಾದ ಆ 1933ರಲ್ಲಿಯೇ, ಭೂಮಿಯ ಇನ್ನೊಂದು ಬದಿಯಲ್ಲಿ, ಅಮೆರಿಕದ ಶಿಕಾಗೋ ನಗರದಲ್ಲಿ ಒಂಬತ್ತು ಮಂದಿ ಮಹಿಳಾ ಅಕೌಂಟೆಂಟರು ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಆ ದೇಶದಲ್ಲಿ ಕ್ರಿಸ್ಟೀನ್ ರಾಸ್ ಎಂಬಾಕೆ ಪರೀಕ್ಷೆ ಗೆದ್ದು 1899ರಲ್ಲಿಯೇ ಪ್ರಮಾಣಪತ್ರ ಪಡೆದಿದ್ದಳು. ಅಂದರೆ ಬಾಗಿಲು ತೆರೆದು ಮೂವತ್ತನಾಲ್ಕು ವರ್ಷಗಳಾಗಿದ್ದುವು. ಆದರೂ ಆ ಒಂಬತ್ತು ಮಂದಿಗೆ ಪ್ರಮಾಣಪತ್ರವೊಂದೇ ಸಾಲದೆಂದು ತೋರಿತು. ಐದು ವರ್ಷಗಳ ಮೇಲೆ, 1938ರಲ್ಲಿ, ಇನ್ನೂ ಪ್ರಮಾಣಪತ್ರ ಪಡೆಯದ, ಆದರೆ ಲೆಕ್ಕದ ಕೆಲಸದಲ್ಲಿರುವ ಹೆಂಗಸರಿಗಾಗಿ ಮತ್ತೊಂದು ಸಂಘವನ್ನು ಹುಟ್ಟುಹಾಕಿದರು. ಮೇಲೆ ಹತ್ತಿದವರು ಏಣಿಯನ್ನು ಎಳೆದುಕೊಳ್ಳದೆ ಕೆಳಗಿದ್ದವರಿಗೆ ಹಿಡಿದು ನಿಂತ ಆ ವಿವೇಕ ನನಗೆ ಬಹು ದೊಡ್ಡದೆನಿಸುತ್ತದೆ.

ಇನ್ನು ಇಂದಿನ ಸ್ಥಿತಿ. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟರ ಸಂಖ್ಯೆ ನಾಲ್ಕು ಲಕ್ಷವನ್ನು ದಾಟಿದೆ; ಅವರಲ್ಲಿ ಸುಮಾರು ಹತ್ತರಲ್ಲಿ ಮೂವರು ಮಹಿಳೆಯರು. ಓದುತ್ತಿರುವವರಲ್ಲಿ ಹೆಣ್ಣುಮಕ್ಕಳ ಪಾಲು ಇದಕ್ಕಿಂತಲೂ ಹೆಚ್ಚು. ಆದರೆ ಸಂಸ್ಥೆಯ ಕೇಂದ್ರ ಪರಿಷತ್ತಿಗೆ ಚುನಾಯಿತರಾಗಿ ಬರುವ ಮೂವತ್ತೆರಡು ಮಂದಿಯಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟೆ. 1949ರಿಂದ 2025ರವರೆಗೆ ಅದರ ಅಧ್ಯಕ್ಷ ಪೀಠವನ್ನೇರಿದವರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಎಪ್ಪತ್ತು ವರ್ಷಗಳ ಹಿಂದೆ ದಕ್ಷಿಣ ಪ್ರಾಂತದ ಪರಿಷತ್ತನ್ನು ಒಬ್ಬ ಹೆಣ್ಣುಮಗಳು ನಡೆಸಿದ್ದಳೆಂಬುದನ್ನು ನೆನೆದರೆ, ನಾವು ಮುಂದೆ ಬಂದಿದ್ದೇವೆಯೋ ನಿಂತಲ್ಲೇ ನಿಂತಿದ್ದೇವೆಯೋ ಎಂಬ ಅನುಮಾನ ಬಾರದಿರದು.

ಕೆಲಸ ಬರುವ ದಾರಿ

ಈ ವೃತ್ತಿಯಲ್ಲಿ ಕೆಲಸ ಹೇಗೆ ಬರುತ್ತದೆಂಬುದನ್ನು ತಿಳಿಯದೆ ನನ್ನ ವಿದ್ಯಾರ್ಥಿನಿಯ ಕಷ್ಟ ತಿಳಿಯುವುದಿಲ್ಲ. ಬಟ್ಟೆಯಂಗಡಿ ತೆರೆದವನು ಪತ್ರಿಕೆಯಲ್ಲಿ ಜಾಹೀರಾತು ಕೊಡಬಹುದು, ಬೀದಿಯಲ್ಲಿ ತಮಟೆ ಹೊಡೆಸಬಹುದು. ಲೆಕ್ಕ ಪರಿಶೋಧಕನಿಗೆ ಆ ಸ್ವಾತಂತ್ರ್ಯವಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲನೆಯ ಅನುಸೂಚಿಯ ಪ್ರಕಾರ, ಸುತ್ತೋಲೆಯಿಂದಾಗಲಿ ಜಾಹೀರಾತಿನಿಂದಾಗಲಿ ಖುದ್ದು ಭೇಟಿಯಿಂದಾಗಲಿ ಕಕ್ಷಿದಾರರನ್ನು ಯಾಚಿಸುವುದು ವೃತ್ತಿಗೆ ಸಲ್ಲದ ನಡತೆ. ಜಾಲತಾಣ ಮೊದಲಾದ ವಿಷಯಗಳಲ್ಲಿ ಈಚಿನ ವರ್ಷಗಳ ನಿಯಮಗಳು ಕೆಲಮಟ್ಟಿಗೆ ಸಡಿಲವಾಗಿದ್ದರೂ ಮೂಲತತ್ತ್ವ ಉಳಿದುಕೊಂಡೇ ಇದೆ. ಈ ಕಟ್ಟಳೆಯನ್ನು ನಾನು ದೂಷಿಸುವುದಿಲ್ಲ. ಲೆಕ್ಕದ ಸತ್ಯಾಸತ್ಯವನ್ನು ನೋಡಿ ಸಹಿ ಹಾಕುವವನು ಗಿರಾಕಿಯ ಮುಂದೆ ಕೈಚಾಚಿ ನಿಂತರೆ, ನಾಳೆ ಅದೇ ಗಿರಾಕಿಯ ಕಳ್ಳಲೆಕ್ಕವನ್ನು ಕಂಡಾಗ ಅವನ ಕೈ ನಡುಗಬಹುದು.

ಆದರೆ ಒಳ್ಳೆಯ ಕಟ್ಟಳೆಯ ನೆರಳು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಕೇಳಿ ಪಡೆಯುವಂತಿಲ್ಲದ ಕಡೆಯಲ್ಲಿ ಕೆಲಸ ಬರುವುದು ಬಾಯಿಂದ ಬಾಯಿಗೆ. ಒಬ್ಬರು ಇನ್ನೊಬ್ಬರಿಗೆ ಹೇಳಿದ ಒಳ್ಳೆಯ ಮಾತಿನಿಂದ. ಆ ಮಾತು ಹುಟ್ಟುವ ಸ್ಥಳಗಳು ಯಾವುವು? ಕ್ಲಬ್ಬು, ಮಂಡಿ, ಜಾತಿಯ ಸಂಘ, ಮದುವೆಯ ಛತ್ರದಲ್ಲಿ ಗಂಡಸರು ಗುಂಪುಗೂಡುವ ಮೂಲೆ, ರಾತ್ರಿಯ ಊಟದ ಹೋಟೆಲು. ಈ ಸ್ಥಳಗಳಲ್ಲಿ ಹೆಂಗಸರು ಬರಬಾರದೆಂದು ಯಾರೂ ಫಲಕ ಹಾಕಿಲ್ಲ. ಆದರೂ ಅವು ಗಂಡಸರ ಸ್ಥಳಗಳೇ. ಗಂಡುಮಗ ತನ್ನ ತಂದೆಯ ಸ್ನೇಹಿತರನ್ನು ಆಸ್ತಿಯಂತೆ ಪಡೆಯುತ್ತಾನೆ. ಮದುವೆಯಾಗಿ ಬೇರೆ ಊರಿಗೆ ಬಂದ ಹೆಣ್ಣುಮಗಳಿಗೆ ತವರೂರಿನ ಆ ಪರಿಚಯವೂ ಹಿಂದೆ ಉಳಿಯುತ್ತದೆ. ಪರೀಕ್ಷೆಯೇನೋ ಇಬ್ಬರಿಗೂ ಒಂದೇ. ಪರೀಕ್ಷೆಯ ಆಚೆಗಿನ ಬಂಡವಾಳ ಮಾತ್ರ ಬೇರೆ ಬೇರೆ.

ಬ್ಯಾಂಕುಗಳ ಪರಿಶೋಧನೆ ಇದಕ್ಕೆ ಇನ್ನೊಂದು ನಿದರ್ಶನ. ಮಾರ್ಚಿ ಮುಗಿದು ಏಪ್ರಿಲ್ ಹುಟ್ಟಿತೆಂದರೆ ಸಾರ್ವಜನಿಕ ಬ್ಯಾಂಕುಗಳ ಶಾಖೆಗಳ ಪರಿಶೋಧನೆಗೆ ದೇಶದಾದ್ಯಂತ ಲೆಕ್ಕಿಗರು ಹೊರಡುತ್ತಾರೆ. ಊರಿನ ಸಣ್ಣ ಕಚೇರಿಗೆ ವರ್ಷದ ಬಾಡಿಗೆ ಬಹುಮಟ್ಟಿಗೆ ಇದರಿಂದಲೇ ಹುಟ್ಟಬೇಕು. ಈ ಕೆಲಸಕ್ಕೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ಪಟ್ಟಿಯಲ್ಲಿ ವರ್ಗ ನಿಶ್ಚಯವಾಗುವುದು ಕಚೇರಿಯಲ್ಲಿ ಪಾಲುದಾರರು ಎಷ್ಟು ಮಂದಿ, ಎಷ್ಟು ವರ್ಷಗಳಿಂದ ಕೂಡಿದ್ದಾರೆ, ಹಿಂದೆ ಎಷ್ಟು ಪರಿಶೋಧನೆ ಮಾಡಿದ್ದಾರೆ ಎಂಬುದರ ಮೇಲೆ. ಒಬ್ಬಳೇ ಕುಳಿತು ಕಚೇರಿ ನಡೆಸುವವಳು ಇದರಲ್ಲಿ ಸಹಜವಾಗಿಯೇ ಕೊನೆಯ ಸಾಲಿಗೆ ಬೀಳುತ್ತಾಳೆ. ಪಾಲುದಾರಿಕೆಯಾದರೂ ಎಲ್ಲಿ ಹುಟ್ಟುತ್ತದೆ? ವರ್ಷಗಟ್ಟಲೆಯ ಒಡನಾಟದಲ್ಲಿ; ಮತ್ತೆ ಅದೇ ಊಟದ ಮೇಜಿನ ಸುತ್ತ.

ವಿಚ್ಛೇದದ ವರ್ಷಗಳು

ಇದರ ಮೇಲೆ ಇನ್ನೊಂದು ಸಂಗತಿಯುಂಟು. ಕಾವ್ಯವನ್ನು ಓದಿಕೊಂಡವನು ಹತ್ತು ವರ್ಷ ಪುಸ್ತಕ ಮುಚ್ಚಿಟ್ಟರೂ ಪಂಪನ ಪದ್ಯ ಬದಲಾಗುವುದಿಲ್ಲ. ಲೆಕ್ಕದ ಶಾಸ್ತ್ರಕ್ಕೆ ಆ ಸ್ಥಿರತೆಯಿಲ್ಲ. ಹೆರಿಗೆಗೆಂದು 2016ರ ಆದಿಯಲ್ಲಿ ಕಚೇರಿ ಬಿಟ್ಟ ಒಬ್ಬಾಕೆ, ಮಗುವನ್ನು ಶಾಲೆಗೆ ಸೇರಿಸಿ 2019ರಲ್ಲಿ ಹಿಂತಿರುಗಿದಳೆಂದು ಭಾವಿಸೋಣ. ಆಕೆ ಬಿಟ್ಟುಹೋದಾಗ ಕರ್ನಾಟಕದಲ್ಲಿ ಇದ್ದ ಮೌಲ್ಯವರ್ಧಿತ ತೆರಿಗೆಯ ಸ್ಥಾನದಲ್ಲಿ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದು ಕುಳಿತಿದೆ. ದಿವಾಳಿತನಕ್ಕೆ 2016ರಲ್ಲಿ ಹೊಸ ಸಂಹಿತೆಯಾಗಿದೆ. ದೊಡ್ಡ ಕಂಪನಿಗಳ ಲೆಕ್ಕದ ಮಾನಕಗಳೇ ಬದಲಾಗಿವೆ. ಆಕೆ ಪರೀಕ್ಷೆಗೆ ಓದಿದ್ದರಲ್ಲಿ ಬಹುಪಾಲು ಹಳತಾಗಿದೆ. ಈಗ 1961ರ ಆದಾಯ ತೆರಿಗೆ ಕಾಯಿದೆಗೇ ವಿದಾಯ ಹೇಳುವಂತೆ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಮಾಡಿ 2025ರಲ್ಲಿ ಹೊಸ ಕಾಯಿದೆಯನ್ನು ಮಾಡಲಾಗಿದೆ.

ಆದುದರಿಂದಲೇ ವೃತ್ತಿಯಲ್ಲಿರುವವರು ಮೂರು ವರ್ಷಗಳಲ್ಲಿ 120 ಗಂಟೆಗಳ ಮುಂದುವರಿಕೆಯ ಕಲಿಕೆಯನ್ನು ಪೂರೈಸಬೇಕೆಂದು ಸಂಸ್ಥೆ ವಿಧಿಸಿದೆ. ಅದಕ್ಕಾಗಿ ಊರೂರುಗಳಲ್ಲಿ ಅಧ್ಯಯನ ಮಂಡಲಿಗಳಿವೆ. ಮಹಿಳಾ ಸದಸ್ಯರ ಏಳಿಗೆಗೆಂದು ಸಂಸ್ಥೆಯಲ್ಲಿ ಪ್ರತ್ಯೇಕ ಸಮಿತಿಯೂ ಉಂಟು. ಇವೆಲ್ಲ ಒಳ್ಳೆಯದೇ. ನನ್ನ ವಿದ್ಯಾರ್ಥಿನಿ ಹೇಳಿದ ಚಿತ್ರ ಮಾತ್ರ ಬೇರೆ. ಅವರ ಮಂಡಲಿಯ ಸಭೆ ಸೇರುವುದು ಸಂಜೆ ಆರೂವರೆಗೆ, ಹೋಟೆಲಿನ ಸಭಾಂಗಣದಲ್ಲಿ. ನಲವತ್ತು ಕುರ್ಚಿ, ಅದರಲ್ಲಿ ಹೆಂಗಸರು ಮೂವರು. ಮೂವರೂ ಒಂದೇ ಸಾಲಿನ ತುದಿಯಲ್ಲಿ ಕುಳಿತು, ಉಪನ್ಯಾಸವನ್ನು ಬರೆದುಕೊಂಡು, ಚಹಾ ಕುಡಿದು, ಎಂಟು ಗಂಟೆಗೆ ಮನೆ ಸೇರುತ್ತಾರೆ. ಸಭೆಯ ನಿಜವಾದ ಎರಡನೆಯ ಭಾಗ ಆಮೇಲೆ ಊಟದ ಹೊತ್ತಿನಲ್ಲಿ ಪ್ರಾರಂಭವಾಗುತ್ತದೆ. ಯಾವ ಹಿರಿಯರು ವಯಸ್ಸಾಯಿತೆಂದು ಯಾವ ಟ್ರಸ್ಟಿನ ಲೆಕ್ಕವನ್ನು ಬಿಡಲಿದ್ದಾರೆ, ಯಾರ ಕಚೇರಿಗೆ ಪಾಲುದಾರರು ಬೇಕಾಗಿದ್ದಾರೆ, ಇವೆಲ್ಲ ನಿಶ್ಚಯವಾಗುವುದು ಆಗ. ಹೆಂಗಸರ ಪಾಲಿಗೆ ಕಾಯಿದೆಯ ವ್ಯಾಖ್ಯಾನ ದೊರೆಯಿತು. ಕೆಲಸದ ಸುದ್ದಿ ದೊರೆಯಲಿಲ್ಲ. 2020ರ ಸಾಂಕ್ರಾಮಿಕದಿಂದೀಚೆಗೆ ಉಪನ್ಯಾಸಗಳನ್ನು ಮನೆಯಲ್ಲಿಯೇ ಕುಳಿತು ಪರದೆಯ ಮೇಲೆ ಕೇಳುವ ಅನುಕೂಲ ಹೆಚ್ಚಿದೆ. ಅದರಿಂದ ಗಂಟೆಗಳ ಲೆಕ್ಕ ತುಂಬುತ್ತದೆ. ಪಕ್ಕದ ಕುರ್ಚಿಯವರ ಪರಿಚಯ ಮಾತ್ರ ಇನ್ನಷ್ಟು ದೂರವಾಗುತ್ತದೆ.

ನೌಕರಿಯಲ್ಲಿರುವ ಹೆಂಗಸಿಗೆ 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿತು. ಸ್ವಂತ ಕಚೇರಿ ನಡೆಸುವವಳಿಗೆ ಅಂಥ ರಜೆಯನ್ನು ಕೊಡುವವರು ಯಾರು? ಆಕೆ ಆರು ತಿಂಗಳು ಬಾಗಿಲು ಹಾಕಿದರೆ, ತಿಂಗಳು ತಿಂಗಳೂ ಸಲ್ಲಿಸಬೇಕಾದ ಲೆಕ್ಕವುಳ್ಳ ವರ್ತಕ ಇನ್ನೊಬ್ಬರನ್ನು ಹುಡುಕಿಕೊಳ್ಳಲೇಬೇಕು. ಹಾಗೆ ಹೋದವನು ಹಿಂತಿರುಗುವುದು ಅಪರೂಪ. ಆ ಆರು ತಿಂಗಳು ಕಡತಗಳನ್ನು ನಂಬಿಕೆಯಿಂದ ಕಾದಿಟ್ಟು, ಆಮೇಲೆ ಹಿಂದಕ್ಕೆ ಒಪ್ಪಿಸುವ ಒಬ್ಬ ಸಹೋದ್ಯೋಗಿ ಇದ್ದಿದ್ದರೆ!

ವಶೀಲಿಯೆ, ಒಡನಾಟವೆ?

ಇಂಗ್ಲಿಷಿನಲ್ಲಿ ಇದಕ್ಕೆ ‘ನೆಟ್‌ವರ್ಕಿಂಗ್’ ಎಂಬ ಹೆಸರಿದೆ. ಕೆಲವರು ಕನ್ನಡದಲ್ಲಿ ‘ಜಾಲ’ವೆಂದು ಬಳಸುತ್ತಾರೆ. ಭಾಷೆಯ ಅಧ್ಯಾಪಕನಾಗಿ ನನಗೆ ಆ ಮಾತು ಹಿಡಿಸದು. ನಮ್ಮಲ್ಲಿ ಜಾಲವನ್ನು ಹರಡುವವರು ಬೇಡರು, ಬೆಸ್ತರು. ಅದರಲ್ಲಿ ಬೀಳುವುವು ಹಕ್ಕಿ, ಮೀನು. ಮಾಯಾಜಾಲವೆಂಬ ಮಾತೂ ಬೆನ್ನಿಗೇ ನೆನಪಾಗುತ್ತದೆ. ಕಚೇರಿಗಳಲ್ಲಿ ಪ್ರಚಾರದಲ್ಲಿರುವ ಇನ್ನೊಂದು ಮಾತು ‘ವಶೀಲಿ’. ಅದರಲ್ಲಿ ಅನರ್ಹನು ಅಡ್ಡದಾರಿಯಿಂದ ಒಳನುಗ್ಗುವ ವಾಸನೆಯಿದೆ. ಮಾನವಂತೆಯಾದ ಹೆಣ್ಣುಮಗಳು ಪರಿಚಯ ಬೆಳೆಸುವುದಕ್ಕೆ ಹಿಂಜರಿಯಲು ಈ ಮಾತಿನ ಭಯವೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಪರೀಕ್ಷೆಯಲ್ಲಿ ಗೆದ್ದವಳಿಗೆ ಯಾರದೋ ಮಾತಿನ ಹಂಗೇಕೆ ಎಂಬ ಅಭಿಮಾನ ಆಕೆಯನ್ನು ಒಬ್ಬಂಟಿಯಾಗಿಸುತ್ತದೆ.

ಆದರೆ ನಮ್ಮ ಹಳ್ಳಿಗಳ ಕನ್ನಡದಲ್ಲಿ ‘ಹೊಕ್ಕುಬಳಕೆ’ ಎಂಬ ಸೊಗಸಾದ ಮಾತೊಂದಿದೆ. ಒಬ್ಬರ ಮನೆಗೆ ಒಬ್ಬರು ಹೋಗಿ ಬಂದು, ಹಾಲಿಗೆ ಹೆಪ್ಪು ಕೊಟ್ಟು, ಕಷ್ಟಕ್ಕೆ ಕೈಜೋಡಿಸಿ ಬೆಳೆದ ಬಳಕೆ ಅದು. ವಶೀಲಿಯಲ್ಲಿ ಯೋಗ್ಯತೆಯ ಸ್ಥಾನವನ್ನು ಪರಿಚಯ ಕಸಿದುಕೊಳ್ಳುತ್ತದೆ. ಹೊಕ್ಕುಬಳಕೆಯಲ್ಲಿ ಯೋಗ್ಯತೆ ಕಣ್ಣಿಗೆ ಬೀಳುವುದಕ್ಕೆ ಪರಿಚಯ ದೀಪ ಹಿಡಿಯುತ್ತದೆ. ಕಾಯಿದೆ ಕೂಡ ಈ ಭೇದವನ್ನು ಬಲ್ಲದು. ಕಕ್ಷಿದಾರರನ್ನು ಯಾಚಿಸಬಾರದೆಂದು ಹೇಳಿದ ಅದೇ ಅನುಸೂಚಿ, ವೃತ್ತಿಯಲ್ಲಿರುವ ಇನ್ನೊಬ್ಬ ಚಾರ್ಟರ್ಡ್ ಅಕೌಂಟೆಂಟರಿಂದ ಕೆಲಸವನ್ನು ಕೇಳಿ ಪಡೆಯುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ವರ್ತಕನ ಮುಂದೆ ಕೈಚಾಚುವಂತಿಲ್ಲ. ಸಹೋದ್ಯೋಗಿಯ ಮುಂದೆ ಬಾಯಿಬಿಟ್ಟು ಕೇಳಬಹುದು. ಆ ಒಂದು ವಾಕ್ಯದಲ್ಲಿ ಮಹಿಳಾ ಲೆಕ್ಕಿಗರ ಕೂಟಕ್ಕೆ ಬೇಕಾದ ಅಡಿಪಾಯವೆಲ್ಲ ಇದೆ.

ಸ್ತ್ರೀಯರಿಗೆ ಪ್ರತ್ಯೇಕ ಕೂಟವೇಕೆ, ಎಲ್ಲರೊಡನೆ ಸೇರಿ ಬೆಳೆಯಬಾರದೆ, ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದೆ ಇಲ್ಲ. ಪ್ರತ್ಯೇಕವಾಗಿ ಕುಳಿತವರು ಪ್ರತ್ಯೇಕವಾಗಿಯೇ ಉಳಿದುಬಿಡುವ ಅಪಾಯವುಂಟು. ಮಾರ್ಚಿ 8ರಂದು ವೇದಿಕೆಯಲ್ಲಿ ರಂಗೋಲಿ ಬರೆದು, ಅತಿಥಿಗಳಿಗೆ ಹೂಗುಚ್ಛ ಕೊಟ್ಟು, ಮನೆಯನ್ನೂ ಕಚೇರಿಯನ್ನೂ ತೂಗಿಸಿಕೊಂಡು ಹೋಗುವುದು ಹೇಗೆಂಬ ಉಪದೇಶ ಕೇಳಿ ಚದುರುವ ಸಭೆಗಳನ್ನು ನಾನೂ ನೋಡಿದ್ದೇನೆ. ಮನೆಯನ್ನು ತೂಗಿಸುವ ಉಪದೇಶ ಗಂಡಸರ ಸಭೆಯಲ್ಲಿ ಎಂದಾದರೂ ನಡೆದುದುಂಟೆ? ಇಂಥ ಸಭೆಗಳಿಂದ ಒಂದು ಕಡತವೂ ಕೈಯಿಂದ ಕೈಗೆ ದಾಟುವುದಿಲ್ಲ.

ಕೂಟ ಹೇಗಿರಬೇಕೆಂಬುದಕ್ಕೆ ಶಿಕಾಗೋವರೆಗೆ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿಯೇ ಮಾದರಿಯಿದೆ. ಕರ್ನಾಟಕದಲ್ಲಿ 2000-01ರಲ್ಲಿ ಪ್ರಾರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳನ್ನು ನೋಡಿ. ಹತ್ತು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಗುಡಿಯ ಜಗಲಿಯ ಮೇಲೋ ಅಂಗನವಾಡಿಯಲ್ಲೋ ಸೇರುತ್ತಾರೆ. ನಡುವೆ ನಗದು ಪುಸ್ತಕ, ನಡವಳಿ ಪುಸ್ತಕ. ಉಳಿತಾಯದ ಹಣ ಎಣಿಸುತ್ತಾರೆ, ಸಾಲ ಯಾರಿಗೆಂದು ತೀರ್ಮಾನಿಸುತ್ತಾರೆ. ಶತಮಾನಗಳ ಕಾಲ ಊರಿನ ಲೆಕ್ಕ ಶಾನುಭೋಗರ ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುತ್ತ ಬಂದ ನಾಡು ಇದು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಆ ಅಧಿಕಾರ ರದ್ದಾಗಿ ನಾಲ್ಕು ದಶಕ ತುಂಬುವುದರೊಳಗೆ ಓದು ಬಾರದ ಹೆಂಗಸರು ಕೂಡ ‘ನಮ್ಮ ಪುಸ್ತಕ ತೋರಿಸಿ’ ಎಂದು ಕೇಳುವ ಸ್ಥಿತಿ ಬಂದಿತು. ಅವರನ್ನು ಒಟ್ಟುಗೂಡಿಸಿದ್ದು ಮುಖ್ಯವಾಗಿ ನಡುವೆ ಇಟ್ಟ ಆ ಪುಸ್ತಕ. ಕೈಗೆ ಕೆಲಸವಿದ್ದುದರಿಂದಲೇ ಅವರ ಒಡನಾಟ ಗಟ್ಟಿಯಾಯಿತು.

ಓದಿದ ಹೆಣ್ಣುಮಕ್ಕಳ ಕೂಟವೂ ಇಂಥದೊಂದು ಪುಸ್ತಕವನ್ನು ನಡುವೆ ಇಟ್ಟುಕೊಳ್ಳಲಿ. ತಾಲ್ಲೂಕಿಗೆ ನಾಲ್ಕೈದು ಮಂದಿ ಸಿಕ್ಕರೂ ಸಾಕು. ಒಂಬತ್ತೇ ಮಂದಿಯಿಂದ ಒಂದು ದೇಶದ ಸಂಘ ಹುಟ್ಟಿದ್ದನ್ನು ಕಂಡೆವಷ್ಟೆ. ಸಭೆ ಸಂಜೆಯ ಬದಲು ಬೆಳಿಗ್ಗೆ ಸೇರಲಿ. ಮಗುವನ್ನು ಕರೆತಂದವಳು ಹೊರಗೆ ನಿಲ್ಲದಂತಿರಲಿ. ಹೆಚ್ಚು ಕೆಲಸವುಳ್ಳವಳು ಕಡಿಮೆಯುಳ್ಳವಳಿಗೆ ಹಂಚಲಿ. ಒಬ್ಬಳು ತೆರಿಗೆಯಲ್ಲಿ ನಿಪುಣೆ, ಇನ್ನೊಬ್ಬಳು ಸಹಕಾರ ಸಂಘಗಳ ಲೆಕ್ಕದಲ್ಲಿ ಪಳಗಿದವಳಾದರೆ, ಒಬ್ಬಂಟಿ ಕಚೇರಿಗಳೆರಡು ಕೂಡಿ ಪಾಲುದಾರಿಕೆಯಾಗಲಿ. ಆಗ ಬ್ಯಾಂಕಿನ ಪಟ್ಟಿಯಲ್ಲಿ ಅವರು ಕೊನೆಯ ಸಾಲಿನಿಂದ ಮೇಲೇಳುತ್ತಾರೆ. ಬಾಣಂತಿಯ ಕಡತಗಳನ್ನು ಕಾಯ್ದುಕೊಡುವ ಒಪ್ಪಂದವಿರಲಿ. ಆಕೆ ಹಿಂತಿರುಗಿದಾಗ ಕಳೆದ ತಿಂಗಳುಗಳ ಕಾಯಿದೆಯನ್ನು ಕೂರಿಸಿಕೊಂಡು ಹೇಳುವವರಿರಲಿ. ಆರ್ಟಿಕಲ್‌ಶಿಪ್‌ಗೆ ಜಾಗ ಹುಡುಕುವ ಹುಡುಗಿಯರಿಗೆ ಮೊದಲ ಆಶ್ರಯ ಇಲ್ಲಿಯೇ ಸಿಗಲಿ. ದೊಡ್ಡ ಮಂಡಲಿಯ ಸಭೆಗೂ ಇವರು ತಪ್ಪದೆ ಹೋಗಲಿ; ಸಾಲಿನ ತುದಿಯನ್ನು ಬಿಟ್ಟು ನಡುವೆ ಕೂರಲಿ. ಪ್ರತ್ಯೇಕ ಕೂಟ ಹಜಾರಕ್ಕೆ ಹೋಗುವ ಮೊದಲಿನ ಜಗಲಿ, ಜಗಲಿಯಲ್ಲೇ ಕೂತುಬಿಡಬಾರದು.

ಮೇಲ್ಮಟ್ಟದಲ್ಲಿ ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ಕೆಲಸ ಮಾಡಿದೆ. 2013ರ ಕಂಪನಿ ಕಾಯಿದೆ ನಿರ್ದಿಷ್ಟ ಕಂಪನಿಗಳ ಆಡಳಿತ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದಿತು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಲ್ಲಿ ಆಕೆ ಸ್ವತಂತ್ರ ನಿರ್ದೇಶಕಿಯಾಗಿರಬೇಕೆಂಬ ನಿಯಮ 2020ರ ಏಪ್ರಿಲಿನಿಂದ ಬಂದಿತು. ಲೆಕ್ಕ ಬಲ್ಲ ಮಹಿಳೆಯರಿಗೆ ಇದರಿಂದ ಅನುಕೂಲವಾಗಿದೆ. ಆದರೆ ಮುಂಬಯಿಯ ಆಡಳಿತ ಮಂಡಲಿಯಲ್ಲಿ ತೆರೆದ ಬಾಗಿಲಿನ ಬೆಳಕು ನಮ್ಮೂರಿನ ಔಷಧಿ ಅಂಗಡಿಯ ಮೇಲಂತಸ್ತಿನವರೆಗೆ ಬರಲು ಬಹಳ ಕಾಲ ಬೇಕು.

ನನ್ನ ಲೆಕ್ಕ

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಉಳಿದಿದೆ. ಆ ಸಂಜೆ ಆಕೆ ಎದ್ದು ಹೊರಟಾಗ ನನಗೆ ಥಟ್ಟನೆ ಹೊಳೆಯಿತು: ನನ್ನ ಆದಾಯ ತೆರಿಗೆಯ ಕಾಗದಗಳನ್ನು ವರ್ಷ ವರ್ಷ ಜುಲೈ ಬಂದಿತೆಂದರೆ ನಾನು ಒಯ್ಯುತ್ತಿದ್ದುದು ಇನ್ನೊಬ್ಬ ಆಡಿಟರ ಬಳಿಗೆ. ಅವರು ಒಳ್ಳೆಯವರೇ, ಸಂಜೆ ನಾವು ವಾಕಿಂಗಿನಲ್ಲಿ ಸೇರುವ ಗುಂಪಿನವರು. ಆಕೆಯ ಫಲಕದ ಕೆಳಗೆ ಹೆಮ್ಮೆಯಿಂದ ನಡೆದು, ಅದೇ ಬೀದಿಯ ಕೊನೆಯವರೆಗೆ ನನ್ನ ಕಾಗದಗಳನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಆಕೆಯ ಜಾಣ್ಮೆಯನ್ನು ನನ್ನಷ್ಟು ಬಲ್ಲವರು ಈ ಊರಿನಲ್ಲಿ ಇನ್ನಾರೂ ಇಲ್ಲ. ಆದರೂ ಆಕೆಯ ಹೆಸರು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಅಷ್ಟೇ ಅಲ್ಲ. ನಾನು ಸದಸ್ಯನಾಗಿರುವ ನೌಕರರ ಸಹಕಾರ ಸಂಘದ ಸರ್ವಸದಸ್ಯರ ಸಭೆಯಲ್ಲಿ ಪ್ರತಿ ವರ್ಷವೂ ಲೆಕ್ಕ ಪರಿಶೋಧಕರ ನೇಮಕ ಒಂದು ವಿಷಯವಾಗಿ ಬರುತ್ತದೆ. ಊಟಕ್ಕೆ ಏಳುವ ಆತುರದಲ್ಲಿ ಒಬ್ಬರು ಹಳೆಯ ಹೆಸರನ್ನೇ ಸೂಚಿಸುತ್ತಾರೆ, ಒಬ್ಬರು ಅನುಮೋದಿಸುತ್ತಾರೆ, ನಾವೆಲ್ಲ ಕೈಯೆತ್ತುತ್ತೇವೆ. ನಾನೂ ಎತ್ತಿದ್ದೇನೆ. ಪಟ್ಟಿಯಲ್ಲಿ ಇನ್ನಾರ ಹೆಸರಿದೆಯೆಂದು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಈ ನಾಡಿನಲ್ಲಿ ಇಂಥ ಸಂಘಗಳು, ಶಾಲೆಗಳು, ಗ್ರಂಥಾಲಯಗಳು, ಸಾಹಿತ್ಯ ಸಂಸ್ಥೆಗಳು ಎಷ್ಟಿಲ್ಲ! ಅವುಗಳಲ್ಲಿ ಅಧ್ಯಾಪಕರಿಲ್ಲದ ಸಭೆಯೇ ಕಡಿಮೆ. ಹೆಣ್ಣುಮಕ್ಕಳನ್ನು ಓದಿಸಿ, ಅಂಕಪಟ್ಟಿ ಕೊಟ್ಟು, ಶುಭ ಹಾರೈಸಿ ಕಳುಹಿಸುವಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ನಾವು ತಿಳಿದಿದ್ದೇವೆ.

ಮರುವಾರ ನನ್ನ ಕಾಗದಗಳನ್ನು ತೆಗೆದುಕೊಂಡು ಆ ಮೆಟ್ಟಿಲುಗಳನ್ನು ಹತ್ತಿದೆ. ಆಕೆ ನಕ್ಕಳು. “ನಿಮ್ಮೊಬ್ಬರ ಕಡತದಿಂದ ಬಾಡಿಗೆ ತೀರುವುದಿಲ್ಲ, ಸಾರ್” ಎಂದಳು. ನಿಜವೇ. ಆದರೆ ಮಂಡಲಿಯ ಸಾಲಿನ ತುದಿಯಲ್ಲಿ ಕೂರುವ ಇನ್ನಿಬ್ಬರೊಡನೆ ಮಾತು ನಡೆದಿದೆಯೆಂದೂ, ಮೂವರೂ ಕೂಡಿ ಒಂದೇ ಕಚೇರಿ ಮಾಡುವ ಯೋಚನೆಯಿದೆಯೆಂದೂ, ಬೆಂಗಳೂರಿಗೆ ಉತ್ತರ ಬರೆಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದೇನೆಂದೂ ಹೇಳಿದಳು. ಏನಾಗುವುದೋ ನಾನರಿಯೆ. ಬಾಡಿಗೆಯ ಲೆಕ್ಕ ನನ್ನ ಹಾರೈಕೆಯಿಂದ ಹೊಂದುವಂಥದಲ್ಲ.

ಬರುವ ಸರ್ವಸದಸ್ಯರ ಸಭೆಯಲ್ಲಿ ಪರಿಶೋಧಕರ ನೇಮಕದ ವಿಷಯ ಬಂದಾಗ, ಪಟ್ಟಿಯನ್ನು ಓದಿರೆಂದು ನಾನು ಕೇಳಬೇಕೆಂದಿದ್ದೇನೆ. ಆಕೆಯ ಹೆಸರು ಬಂದಾಗ ಹಿಂದಿನ ಸಾಲಿನಿಂದ ಯಾರಾದರೂ “ಅದು ಯಾರ್ರೀ?” ಎಂದು ಖಂಡಿತ ಕೇಳುತ್ತಾರೆ. ಎದ್ದು ನಿಂತು ಉತ್ತರ ಹೇಳಬೇಕಾದವನು ನಾನು.